ಸೆರಗಿನ ಸಲುವಾಗಿ ಒಂದು ಕ್ಯಾಮೆರಾ

ನನಗೆ ಕ್ಯಾಮೆರಾದ ಹುಚ್ಚು ಹಿಡಿಸಿದ್ದು ಒಂದು ಸೆರಗು. ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಗತಿಗೆ ಕಲಿಸುತ್ತಿದ್ದೆ. ಮುಂಜಾನೆ ಮಷೀನು, ಮಧ್ಯಾಹ್ನ ಕಸೂತಿ, ಹನ್ನೆರಡು ಮಂದಿ ಹುಡುಗಿಯರು. ಅವರೊಳಗೆ ಮುನವಳ್ಳಿಯಾಕೆ ಒಬ್ಬಳಿದ್ದಳು. ಒಂದು ದಿನ ಸೂಜಿಗೆ ದಾರ ಪೋಣಿಸುತ್ತ, "ಅಕ್ಕೋರ, ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಆಯಿ ಅದಾಳ್ರಿ. ಆಕಿ ಸೀರಿ ಸೆರಗಿನ್ಯಾಗ ಗೋಪುರದಾಗ ಗೋಪುರ ಅದಾವು. ನೀವು ನಮಗ ಹಾಕಸೂ ಗೋಪುರ ಅದರ ಮುಂದ ಏನೂ ಅಲ್ರಿ" ಅಂದಳು. ಮಾತು ಹೆಚ್ಚಾಯಿತೆಂದು ಆಕೆಯನ್ನು ಗದರಿಸಿದೆ. ಬಂದ ರವಿವಾರವೇ ಮುನವಳ್ಳಿ ಬಸ್ಸು ಹತ್ತಿದೆ.

ಆಯಿ ಟ್ರಂಕಿನಿಂದ ಸೀರೆ ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಕಪ್ಪು ಚಂದ್ರಕಾಳಿ ಸೀರೆ, ರೇಶಿಮೆ ದಾರದ ಕಸೂತಿ. ದೊಡ್ಡ ಗೋಪುರ, ಅದರ ಹೊಟ್ಟೆಯಲ್ಲೊಂದು ಸಣ್ಣ ಗೋಪುರ, ಅದರೊಳಗೆ ಮತ್ತೊಂದು, ಕಟ್ಟಕಡೆಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಗಿಳಿ. ಕಸೂತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದನ್ನು ಗೆರೆ ಬರೆದುಕೊಂಡು ಹಾಕುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತೇವೆ. ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ, ಹೋದ ದಾರಿಯಲ್ಲೇ ತಿರುಗಿ ಬರುತ್ತ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಹಾಗಾದರೆ ಹೊರಗಿನ ಗೋಪುರದ ದಾರ ಒಳಗಿನ ಗೋಪುರಕ್ಕೆ ಹೋಗಿ ತಿರುಗಿ ಬಂದದ್ದಾದರೂ ಯಾವ ದಾರಿಯಿಂದ? ಅರವತ್ತು ವರ್ಷದ ಹಿಂದೆ ಇದನ್ನು ಹಾಕಿದ ಆಯಿಯನ್ನೇ ಕೇಳಿದರೆ, "ಎಳಿ ಎಣಸು, ತಾನ ಸಿಗತೈತಿ" ಅಂದಳು. ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದೇ ಮೈಯೆಲ್ಲ ಜುಂ ಅಂದಿತು.

"ಆಯಿ, ಸೀರಿ ಕೊಡ್ರಿ. ಎಂಟ ದಿನದಾಗ ತಂದು ಮುಟ್ಟಸ್ತೇನಿ" ಅಂದೆ.

"ಕೊಡೂದಿಲ್ಲ" ಅಂದಳು ಆಯಿ, ಸಿಟ್ಟಿಲ್ಲದೆ. "ಮೊಮ್ಮಗಳು ಬಾಣಂತನಕ್ಕ ಬಂದಾಳ. ಇನ್ನೊಂದೂವರಿ ತಿಂಗಳಿಗೆ ಕೂಸು ಬರತೈತಿ. ಬಂದ ಕೂಡಲೆ ಇದನ್ನ ಕತ್ತರಿಸಿ ಕೂಸಿಗೆ ಸುತ್ತಾಕ ಮಾಡತೇವಿ. ನಮ್ಮ ಮನಿ ಪದ್ಧತಿ ಹಂಗ. ಕಸೂತಿಗೆ ಗಂಟ ಇರಂಗಿಲ್ಲ ನೋಡು, ಕೂಸಿನ ಮೈಗೆ ಚುಚ್ಚಂಗಿಲ್ಲ."

ಹುಟ್ಟುವ ಕೂಸಿಗೆ ಬೇಡ, ನನ್ನ ನಮೂನೆಗೆ ಬೇಕು ಅನ್ನಲು ಯಾವ ಬಾಯಿ ಇತ್ತು? ಚೌಕಳಿ ಕಾಗದ ತಂದು ಬರೆದುಕೊಳ್ಳುತ್ತೇನೆ ಅಂದೆ. ಅದಕ್ಕೆ ಆಯಿ ಒಪ್ಪಿದಳು. ನೆಲಕ್ಕೆ ಹಾಸಲು ಮಾತ್ರ ಬಿಡಲಿಲ್ಲ. ಶುಭಕ್ಕೆಂದು ತೆಗೆದಿಟ್ಟ ಸೀರೆ ನೆಲ ಮುಟ್ಟಬಾರದಂತೆ. ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದಳು. ನಾನು ಎಣಿಸಲು ತೊಡಗಿ ಹತ್ತು ಹೊಲಿಗೆ ಮುಗಿಯುವುದರೊಳಗೆ ಆಚೆ ಹೊರಸೆಂಬ ಹಗ್ಗದ ಮಂಚದ ಮೇಲಿಂದ ಮುತ್ಯಾ, ಅಂದರೆ ಆಕೆಯ ಗಂಡ, "ಚಹಾ ಆತೇನ?" ಅನ್ನುತ್ತಿದ್ದ. ಆಯಿ ಸೆರಗು ಮಡಚಿ ಏಳುತ್ತಿದ್ದಳು. ಎರಡು ರವಿವಾರದಲ್ಲಿ ನಾನು ಬರೆದದ್ದು ನಾಲ್ಕು ಬೆರಳಿನಷ್ಟು. ಹೀಗೇ ಆದರೆ ಕೂಸು ಶಾಲೆಗೆ ಹೋಗುವ ಹೊತ್ತಿಗೆ ಗೋಪುರ ಮುಗಿದೀತು ಎಂದು ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಫೋಟೋ ತೆಗೆದರೆ ಹೇಗೆ ಅನ್ನುವುದು ಹೊಳೆದದ್ದೂ ಅದೇ ಬಸ್ಸಿನಲ್ಲಿ.

ನಮ್ಮ ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಹಳೆಯ ಕ್ಯಾಮೆರಾ ಕೊಂಡು ಮಾರುವುದನ್ನೂ ಮಾಡುತ್ತಿದ್ದರು. ಮೊದಲು ಅವರನ್ನೇ ಕರೆದೆ. ಲಗ್ನದ ದಿನಗಳು, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅಂದರು. "ಅದೂ ಅಲ್ದ, ದಿನ ತುಂಬಿದ ಹೆಣ್ಣಮಗಳು ಇರೂ ಮನಿ. ನಾ ಬಂದು ಅಂಗಳದಾಗ ಕುಂಡ್ರೂದು ಸರಿ ಅಲ್ರಿ. ನೀವ ತಗೀರಿ."

"ನಾನೇ?"

"ಹೊಲಿಗಿ ಮಷೀನ ನಡಸ್ತೀರಿ. ಇದು ಅದಕ್ಕಿಂತ ಹಗರ ಐತಿ" ಅಂದರು.

ನನ್ನ ಹತ್ತಿರ ಕುಪ್ಪಸ ಹೊಲಿದು ಕೂಡಿಸಿದ ನೂರಾ ನಲವತ್ತು ರೂಪಾಯಿ ಇತ್ತು. ಕ್ಯಾಮೆರಾ, ರೋಲು, ತೊಳೆಸುವುದು, ಪ್ರಿಂಟು ಎಲ್ಲ ಅದರಲ್ಲೇ ಆಗಬೇಕು. ಸಾಹೇಬರು ಗಾಜಿನ ಮೇಜಿನ ಮೇಲೆ ಮೂರು ಕ್ಯಾಮೆರಾ ಇಟ್ಟರು. ಒಂದು ಎರಡು ಕಣ್ಣಿನದು. ಅದರ ಬೆಲೆ ಕೇಳಿ ಅದರತ್ತ ನೋಡುವುದನ್ನೇ ಬಿಟ್ಟೆ. ಎರಡನೆಯದು ಹೊಚ್ಚ ಹೊಸ ಡಬ್ಬಿ ಕ್ಯಾಮೆರಾ. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು, ತೂಗುಹಾಕಲು ಪಟ್ಟಿ ಇತ್ತು. ತಿರುಗಿಸಲು ಇದ್ದದ್ದು ಒಂದೇ ಒಂದು ಗುಂಡಿ, ಬಿಸಿಲಿಗೆ ಬಿಸಿಲಿನ ಚಿತ್ರ, ಮೋಡಕ್ಕೆ ಮೋಡದ ಚಿತ್ರ. ಮೂರನೆಯದು ಯಾರೋ ಬಳಸಿ ಬಿಟ್ಟ ಮಡಚುವ ಕ್ಯಾಮೆರಾ. ಮುಚ್ಚಳ ತೆರೆದರೆ ಚರ್ಮದ ತಿದಿ ಹೊರಗೆ ಬರುತ್ತಿತ್ತು, ಅದರ ತುದಿಗೆ ಕಾಚು, ಅಂದರೆ ಲೆನ್ಸು. ಮೂಲೆಗಳ ಬಣ್ಣ ಹೋಗಿತ್ತು.

ನನ್ನ ಕೈ ಡಬ್ಬಿಯ ಮೇಲೆಯೇ ಇತ್ತು. ಹೊಸದು ಹೊಸದೇ. ಬೆಲೆಯೂ ಕಡಿಮೆ, ರೋಲಿಗೆ ರೊಕ್ಕ ಉಳಿಯುತ್ತಿತ್ತು.

"ಅವಸರ ಮಾಡಬ್ಯಾಡ್ರಿ ಅಕ್ಕೋರ" ಅಂದ ಸಾಹೇಬರು ಒಳಗಿನಿಂದ ಎರಡು ಪ್ರಿಂಟು ತಂದರು. ಗೋಡೆಗೆ ಹಚ್ಚಿದ ವರ್ತಮಾನ ಪತ್ರಿಕೆಯ ಒಂದೇ ಹಾಳೆಯನ್ನು ಎರಡೂ ಕ್ಯಾಮೆರಾದಲ್ಲಿ ತೆಗೆದದ್ದು. ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದರಂತೆ. ಡಬ್ಬಿಯ ಪ್ರಿಂಟಿನಲ್ಲಿ ನಡುವಿನ ಅಕ್ಷರ ಓದಲು ಬರುತ್ತಿದ್ದವು, ಅಂಚಿಗೆ ಹೋದಂತೆ ಕಲಸಿಹೋಗಿದ್ದವು. ಮಡಚುವ ಕ್ಯಾಮೆರಾದ ಪ್ರಿಂಟನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೂಲೆಯಲ್ಲಿದ್ದ ಗೊಬ್ಬರದ ಜಾಹೀರಾತನ್ನು ಕೊನೆಯ ಸಾಲಿನವರೆಗೂ ಓದಿದೆ.

"ಮಂದಿ ಮಾರಿ ಫೋಟೋಕ್ಕ ಡಬ್ಬಿ ಸಾಕು. ಮಾರಿ ನಡುವ ಇರತೈತಿ. ನಿಮ್ಮ ಸೆರಗಿಗೆ ನಡುವ ಎಲ್ಲೈತ್ರಿ?"

ಇದೊಂದು ಮಾತು ನನ್ನ ತಲೆ ತಿರುಗಿಸಿತು. ಕಸೂತಿಗೆ ಅಂಚೂ ಒಂದೇ, ನಡುವೂ ಒಂದೇ. ಹಳೆಯದನ್ನೇ ಕೊಡಿ ಅಂದೆ. ಅದರ ಬೆಲೆ ನನ್ನ ಇಡೀ ಗಂಟಿಗಿಂತ ಹೆಚ್ಚಿತ್ತು. ಸಾಹೇಬರು ಸುಮ್ಮನೆ ನಕ್ಕು ನನ್ನನ್ನು ಕತ್ತಲೆ ಕೋಣೆಗೆ ಕರೆದರು. ತಿದಿಯೊಳಗೆ ಬ್ಯಾಟರಿಯ ಸಣ್ಣ ಬಲ್ಬು ಇಳಿಬಿಟ್ಟರು. ತಿದಿಯ ಮಡಿಕೆಗಳಲ್ಲಿ ಬೆಳಕಿನ ಚುಕ್ಕೆ ಕಂಡವು. ಎಣಿಸಿದೆ, ಹನ್ನೊಂದು.

"ಇದಕ್ಕ ಯಾರೂ ಒಯ್ದಿಲ್ರಿ. ತೂತಿನಿಂದ ಬೆಳಕು ಹೊಕ್ಕು ಫಿಲ್ಮ ಹಾಳ ಮಾಡತೈತಿ. ನನಗ ಇದನ್ನ ಮುಚ್ಚಾಕ ಪುರಸೊತ್ತಿಲ್ಲ. ನಿಮ್ಮ ಕೈಲೆ ಆದ್ರ ನೂರಕ್ಕ ಒಯ್ರಿ."

ತೇಪೆ ಹಚ್ಚುವುದು ನನ್ನ ಕಸುಬು, ನನಗೆ ಹೇಳಬೇಕೆ? ನೂರು ರೂಪಾಯಿ ಅಲ್ಲೇ ಇಟ್ಟೆ. ಹರಿದ ಕೊಡೆಯ ಕಪ್ಪು ಬಟ್ಟೆ ತಂದು ಕಡಲೆ ಕಾಳಿನಷ್ಟು ಹನ್ನೊಂದು ತುಂಡು ಕತ್ತರಿಸಿದೆ. ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಹಚ್ಚುವ ಸಲ್ಯೂಷನ್ ಕೇಳಿ ತಂದೆ. ದಪ್ಪ ಬಟ್ಟೆಯಾದರೆ ತಿದಿ ಮಡಚುವುದಿಲ್ಲ, ಅದಕ್ಕೇ ಕೊಡೆಯ ಬಟ್ಟೆ. ಚಿಮ್ಮಟಿಗೆಯಲ್ಲಿ ಒಂದೊಂದೇ ಹಿಡಿದು ಒಳಮಡಿಕೆಗೆ ಕೂಡಿಸಿದೆ. ಮರುದಿನ ಮತ್ತೆ ಬಲ್ಬು ಇಳಿಬಿಟ್ಟು ನೋಡಿದಾಗ ಒಂದೂ ಚುಕ್ಕೆ ಕಾಣಲಿಲ್ಲ. ಸಾಹೇಬರು "ಶಾಬ್ಬಾಸ" ಅಂದರು. ನನಗೆ ಆ ದಿನ ಊಟವೇ ಬೇಕಾಗಲಿಲ್ಲ, ಅಷ್ಟು ಹಿಗ್ಗು.

ಇನ್ನೊಂದು ತೊಡಕು ಉಳಿದಿತ್ತು. ಆ ಕ್ಯಾಮೆರಾಕ್ಕೆ ಹತ್ತಿರದ್ದು ಕಾಣುತ್ತಿರಲಿಲ್ಲ. ಸಾಹೇಬರು ತಮ್ಮ ಹಳೆಯ ಚಾಳೀಸಿನ ಒಂದು ದುಂಡು ಕಾಚು ಬಿಚ್ಚಿ ಕೊಟ್ಟರು. "ಮುದುಕರಿಗೆ ಹತ್ರದ್ದು ಕಾಣಾಕ ಚಾಳೀಸ ಹಾಕತಾರಲ್ರಿ, ಇದಕ್ಕೂ ಹಾಕ್ರಿ. ಎರಡ ನಂಬರಿನ ಕಾಚು. ಕ್ಯಾಮೆರಾದ ಚಕ್ರ ದೂರದ ಗುಡ್ಡಕ್ಕ ಇಡೂ ಜಾಗಾದಾಗ ಇಡ್ರಿ. ಈ ಕಾಚಿನಿಂದ ಸೆರಗಿಗೆ ಬರೋಬ್ಬರಿ ಅರ್ಧಾ ಮೀಟರ. ಒಂದ ಬೆರಳ ಆಕಡೆ ಈಕಡೆ ಆದ್ರ ನಡದೀತು, ಎರಡ ಆದ್ರ ನಡ್ಯಾಂಗಿಲ್ಲ." ಕಾಚು ಕೂಡುವ ಹಾಗೆ ಇಲಾಸ್ಟಿಕ್ ಪಟ್ಟಿ ಹಾಕಿ ಒಂದು ಬಟ್ಟೆಯ ಟೊಪ್ಪಿಗೆ ಹೊಲಿದೆ. ಕ್ಯಾಮೆರಾದ ಮೂತಿಗೆ ಅದು ಸರಿಯಾಗಿ ಕೂತಿತು. ತರಗತಿಯಲ್ಲಿದ್ದ ಕಬ್ಬಿಣದ ಗಜದ ಕಡ್ಡಿ ತೆಗೆದುಕೊಂಡು, ಅದರ ಅರ್ಧಕ್ಕೆ ಸರಿಯಾಗಿ ಒಂದು ಬೆತ್ತ ಕತ್ತರಿಸಿಕೊಂಡೆ. ಅಳತೆಯಲ್ಲಿ ನನ್ನನ್ನು ಮೀರಿಸುವವರುಂಟೇ ಅಂದುಕೊಂಡೆ.

ರವಿವಾರ ಮುನವಳ್ಳಿಯಲ್ಲಿ ಅಂಗಳದ ನೆರಳಿಗೆ ಮುತ್ಯಾನ ಹೊರಸನ್ನು ಅಡ್ಡಲಾಗಿ ನಿಲ್ಲಿಸಿದೆವು. ಅದರ ಮೇಲಂಚಿನ ಮರದ ಪಟ್ಟಿಯಿಂದ ಸೆರಗು ಇಳಿಬಿಟ್ಟು, ನೆಲ ಮುಟ್ಟದ ಹಾಗೆ ಕೆಳಗಿನ ಎರಡು ಚುಂಗು ಆಯಿಯೇ ಹಿಡಿದು ಕೂತಳು. ಕ್ಯಾಮೆರಾ ಸ್ಟೂಲಿನ ಮೇಲೆ, ಅದರ ಕೆಳಗೆ ಮಡಚಿದ ದುಪ್ಪಟಿ. ಬೆತ್ತದ ಒಂದು ತುದಿ ಕಾಚಿಗೆ, ಇನ್ನೊಂದು ಸೆರಗಿಗೆ. ಮುಟ್ಟಿಸಿ ನೋಡುವುದು, ಬೆತ್ತ ತೆಗೆಯುವುದು, ಉಸಿರು ಬಿಗಿಹಿಡಿದು ಒತ್ತುವುದು, ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿ ರೋಲು ತಿರುಗಿಸುವುದು. ರೋಲಿಗೆ ಎಂಟೇ ಫೋಟೋ. ಕಪ್ಪು ಬಿಳುಪಿನಲ್ಲಿ ಬಣ್ಣ ತಿಳಿಯುವುದಿಲ್ಲವಲ್ಲ, ಯಾವ ದಾರ ಕೆಂಪು, ಯಾವುದು ಹಳದಿ ಎಂದು ವಹಿಯಲ್ಲಿ ಬರೆದುಕೊಂಡೆ.

"ಕೈ ಅಲಗಸಬ್ಯಾಡ್ರಿ ಆಯಿ."

"ಅಲಗಸಿಲ್ಲವಾ. ಬಡಬಡ ಒತ್ತು, ಕೈ ಜೋಮು ಹಿಡದಾವು."

ಮರುದಿನ ಸಾಹೇಬರು ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಂಟಕ್ಕೆ ಎಂಟೂ ಮಂಜು ಮಂಜು. ಗೋಪುರ ಇದೆ, ಹೊಲಿಗೆ ಇಲ್ಲ. ನನ್ನ ಸಿಟ್ಟು ನೆತ್ತಿಗೇರಿತು. "ಮುದುಕಿ ಕೈ ಅಲಗಿಸ್ಯಾಳ್ರಿ. ಹೇಳಿದ್ರ ಕೇಳಂಗಿಲ್ಲ" ಅಂದೆ. ಸಾಹೇಬರು ಭೂತಗನ್ನಡಿ ಕೊಟ್ಟು, ಸೆರಗಿನ ಬದಿಗೆ ನೋಡಿ ಅಂದರು. ನೋಡಿದೆ. ಸೆರಗಿನ ಹಿಂದೆ ಕಾಣುತ್ತಿದ್ದ ಹೊರಸಿನ ಹಗ್ಗ ಎಷ್ಟು ಚೆಂದ ಮೂಡಿತ್ತೆಂದರೆ ನಾರು ನಾರು ಎಣಿಸಬಹುದಿತ್ತು.

"ಆಯಿ ತಪ್ಪಲ್ರಿ ಇದು. ನಿಮ್ಮ ಕ್ಯಾಮೆರಾ ಹೊರಸಿನ ಫೋಟೋ ತಗದೈತಿ. ಎಲ್ಲೈತಿ ನಿಮ್ಮ ಬೆತ್ತ, ತರ್ರಿ."

ಬೆತ್ತದ ಮಗ್ಗುಲಿಗೆ ತಮ್ಮ ಉಕ್ಕಿನ ಪಟ್ಟಿ ಇಟ್ಟರು. ಎರಡೂವರೆ ಬೆರಳು ಕಡಿಮೆ.

"ಅಕ್ಕೋರ, ಇದು ಅರ್ಧಾ ಗಜ. ನಾ ಹೇಳಿದ್ದು ಅರ್ಧಾ ಮೀಟರ."

"ಎರಡೂ ಒಂದ ಅಲ್ಲೇನ್ರಿ?"

"ಅರಿವಿ ಅಂಗಡ್ಯಾಗ ಒಂದ. ಕಾಚಿನ ಮುಂದ ಅಲ್ಲ."

ನಾಚಿಕೆಯಾಯಿತು. ಮೀಟರು ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಬಾಯಲ್ಲಿ ಗಜವೂ ಅದೇ, ಮೀಟರೂ ಅದೇ. ಕುಪ್ಪಸಕ್ಕೆ ಬಟ್ಟೆ ಕಡಿಮೆ ಬಿದ್ದರೆ ಕಂಕುಳಿಗೆ ತುಂಡು ಕೂಡಿಸಿ ಪಾರಾಗುವ ಕಸುಬು ನಮ್ಮದು. ಇಲ್ಲಿ ಕೂಡಿಸಲು ಏನೂ ಇರಲಿಲ್ಲ. ಆಯಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆನಲ್ಲ ಎಂದು ಬೇರೆ ಮನಸ್ಸು ಚುಚ್ಚಿತು. ಹೊಸ ಬೆತ್ತ ಕತ್ತರಿಸಿ, ಸಾಹೇಬರ ಪಟ್ಟಿಗೇ ಹಿಡಿದು ಮೂರು ಸಲ ನೋಡಿದೆ. ತೊಳೆಸಲು, ಪ್ರಿಂಟಿಗೆ ಎಂದು ತೆಗೆದಿಟ್ಟು ಉಳಿದ ರೊಕ್ಕದಲ್ಲಿ ಇನ್ನೊಂದೇ ರೋಲು ಬಂತು.

ಆ ರೋಲು ಹಾಕಿಕೊಂಡು ಮುಂದಿನ ರವಿವಾರಕ್ಕೆ ಕಾಯುತ್ತಿದ್ದೆ. ಬುಧವಾರ ಮುಂಜಾನೆ ಮುನವಳ್ಳಿಯ ಹುಡುಗಿ ತರಗತಿಯ ಬಾಗಿಲಲ್ಲೇ ನಿಂತು, "ಅಕ್ಕೋರ, ಆಯಿ ಮೊಮ್ಮಗಳು ನಿನ್ನೆ ಹಡದಾಳ್ರಿ. ಹೆಣ್ಣ ಕೂಸು. ದಿನಕ್ಕಿಂತ ಮೊದಲ ಬಂದೈತ್ರಿ" ಅಂದಳು. ನಾನು ಮಷೀನಿನಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದೆ. ತರಗತಿ ನೀವೇ ನೋಡಿಕೊಳ್ಳಿ ಎಂದು ಹುಡುಗಿಯರಿಗೆ ಹೇಳಿ ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಯಾಮೆರಾ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದೇ ಕೂತಿದ್ದೆ.

ಅಂಗಳದಲ್ಲಿ ಸೀರೆ ಒಗೆದು ಹಗ್ಗದ ಮೇಲೆ ಹಾಕಿತ್ತು. ಇನ್ನೂ ಇಡಿಯಾಗಿತ್ತು. ಆಯಿ ಹೊರಸಿನ ಮೇಲೆ ಕತ್ತರಿ ಇಟ್ಟುಕೊಂಡು ಕೂತಿದ್ದಳು.

"ಬಾ ಯವ್ವಾ, ನಿನ್ನ ಹಾದಿನ ನೋಡಾಕ ಹತ್ತಿದ್ದೆ. ಫೋಟೋ ತಗಿ. ತಗದ ಮ್ಯಾಲ ನೀನ ಕತ್ತರಸು. ನನ್ನ ಕೈ ನಡಗತಾವು, ಅಡ್ಡಾದಿಡ್ಡಿ ಆಗತೈತಿ. ನೀ ಹೊಲಿಗಿ ಕಲಸಾಕಿ."

ಮೊದಲು ಫೋಟೋ. ಹಗ್ಗದ ಮೇಲೆ ಗಾಳಿಗೆ ಸೆರಗು ಹಾರುತ್ತಿತ್ತು. ಹಿಂದೆ ಹೊರಸು ನಿಲ್ಲಿಸಿ, ಸೆರಗನ್ನು ಅದರ ಹಗ್ಗಕ್ಕೆ ಸೂಜಿ ದಾರದಿಂದ ಸಡಿಲಾಗಿ ಟಾಚಿದೆ. ಈಗ ಯಾರೂ ಹಿಡಿಯುವ ಪ್ರಮೇಯವಿರಲಿಲ್ಲ. ಬೆತ್ತ ಮುಟ್ಟಿಸಿದೆ, ಒತ್ತಿದೆ, ತಿರುಗಿಸಿದೆ. ಪ್ರತಿ ಫೋಟೋಕ್ಕೂ ಬೆತ್ತದಿಂದ ನಾಲ್ಕೂ ಮೂಲೆ ಅಳೆದೆ. ಎಂಟು ಮುಗಿಯಿತು. ಟಾಚಿದ ದಾರ ಬಿಚ್ಚಿದೆ. ಆಯಿ ಕತ್ತರಿ ಮುಂದೆ ಮಾಡಿದಳು.

ನನಗೆ ಕೈ ಏಳಲಿಲ್ಲ. ಹೋದ ಸಲವೂ ಎಲ್ಲ ಸರಿಯಾಗಿದೆ ಎಂದೇ ನಂಬಿದ್ದೆನಲ್ಲ. ರೋಲಿನಲ್ಲಿ ಏನು ಮೂಡಿದೆಯೋ ಯಾರಿಗೆ ಗೊತ್ತು? "ಆಯಿ, ಎರಡ ದಿನಾ ತಡೀರಿ. ಫೋಟೋ ತೊಳಿಸಿ ನೋಡಿ ಬರತೇನಿ" ಅಂದೆ. ಅಂದ ಕೂಡಲೇ ಒಳಗಿನಿಂದ ಕೂಸು ಅತ್ತಿತು. ಸಣ್ಣ ದನಿ, ಹೊಸ ದನಿ. ಬಾಣಂತಿ ಏನೋ ಸಮಾಧಾನ ಮಾಡುತ್ತಿದ್ದಳು.

ಆಯಿ ನನ್ನನ್ನೇ ನೋಡಿದಳು. "ಕೂಸಿಗೆ ಎರಡ ದಿನ ತಡಿ ಅಂತ ನಾ ಹ್ಯಾಂಗ ಹೇಳ್ಲಿ? ನಿನ್ನ ಫೋಟೋ ಡಬ್ಬಿ ಮ್ಯಾಲ ನಿನಗ ನಂಬಿಕಿ ಐತಿಲ್ಲೋ?"

ಇತ್ತು. ತೂತು ಮುಚ್ಚಿದವಳು ನಾನು, ಟೊಪ್ಪಿಗೆ ಹೊಲಿದವಳು ನಾನು, ತಪ್ಪು ಅಳೆದು ತಿದ್ದಿಕೊಂಡವಳೂ ನಾನೇ. ಕತ್ತರಿ ತೆಗೆದುಕೊಂಡೆ. ಅರವತ್ತು ವರ್ಷದ ಬಟ್ಟೆ ಬೆಣ್ಣೆಯ ಹಾಗೆ ಸೀಳಿತು. ಗೋಪುರದ ನಡುವೆಯೇ ಕತ್ತರಿ ಹೋಯಿತು. ಸೆರಗಿನಿಂದ ನಾಲ್ಕು ತುಂಡಾದವು. ಒಂದು ತುಂಡನ್ನು ಆಯಿ ಅಲ್ಲೇ ಒಯ್ದು ಕೂಸಿಗೆ ಸುತ್ತಿ ತಂದು ನನಗೆ ತೋರಿಸಿದಳು. ಕೆಂಪು ಮುಖದ ಕೂಸು, ಕಪ್ಪು ಸೆರಗು. ಫೋಟೋ ತೆಗೆಯಲು ರೋಲು ಉಳಿದಿರಲಿಲ್ಲ, ಕಣ್ಣು ತುಂಬ ನೋಡಿದೆ.

ಆ ಸಂಜೆ ಸ್ಟುಡಿಯೋದ ಬೆಂಚಿನ ಮೇಲೆ ಕೂತ ಒಂದು ತಾಸು ಹೇಗೆ ಕಳೆಯಿತೋ. ಸಾಹೇಬರು ಫಿಲ್ಮು ಹಿಡಿದು ಹೊರಗೆ ಬಂದರು, ಭೂತಗನ್ನಡಿ ಕೊಟ್ಟರು. ಹೊಲಿಗೆ ಹೊಲಿಗೆಯೂ ಬಿಡಿಬಿಡಿಯಾಗಿ ನಿಂತಿತ್ತು. ಎಂಟರಲ್ಲಿ ಎಂಟು. ನಾನು ಬೆಂಚಿನಿಂದ ಎದ್ದವಳು ಎಲ್ಲಿ ನಿಂತಿದ್ದೇನೆ ಅನ್ನುವುದೂ ಮರೆತು ಕೈಚಪ್ಪಾಳೆ ಹೊಡೆದೆ. ಫೋಟೋ ತೆಗೆಸಿಕೊಳ್ಳಲು ಬಂದ ಹೊಸ ಗಂಡಹೆಂಡತಿ ನನ್ನನ್ನು ನೋಡಿ ನಕ್ಕರು.

ದೊಡ್ಡ ಪ್ರಿಂಟು ಹಾಕಿಸಿ ಚೌಕಳಿ ಕಾಗದಕ್ಕೆ ಇಳಿಸಿದೆ. ನಾಲ್ಕನೆಯ ದಿನ ದಾರಿ ಸಿಕ್ಕಿತು. ಎರಡನೆಯ ಗೋಪುರದ ಬಲ ಬುಡದಲ್ಲಿ ಒಂದೇ ಒಂದು ಹೊಲಿಗೆ ಸಾಲು ಬಿಟ್ಟು ಹೊರಗೆ ಚಾಚಿತ್ತು. ಎಡಕ್ಕೆ ಅಂಥದ್ದಿರಲಿಲ್ಲ. ಅದೇ ಬಾಗಿಲು. ಅಲ್ಲಿಂದ ದಾರ ಒಳಗೆ ಹೋಗಿ ಗಿಳಿಯನ್ನು ಸುತ್ತಿ ತಿರುಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ಹಾಕಿ ನೋಡಿದೆ, ಬಂತು, ಹಿಂದೂ ಮುಂದೂ ಒಂದೇ ರೂಪ. ಹನ್ನೆರಡು ಹುಡುಗಿಯರಿಗೂ ಕಲಿಸಿದೆ. "ಇದರ ಗುಟ್ಟು ಈ ಒಂದು ಹೊಲಿಗ್ಯಾಗ ಐತಿ" ಎಂದು ಕರಿ ಹಲಗೆಯ ಮೇಲೆ ಬರೆದು ತೋರಿಸಿದೆ. ಒಂದು ತಿಂಗಳಿಗೆ ಹನ್ನೆರಡು ಕುಪ್ಪಸದ ಖಣ ಮುಗಿದವು.

ಪ್ರಿಂಟನ್ನೂ ಒಂದು ಖಣವನ್ನೂ ತೆಗೆದುಕೊಂಡು ಮುನವಳ್ಳಿಗೆ ಹೋದೆ. ಆಯಿ ಪ್ರಿಂಟನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಎಣಿಸುತ್ತ ಎಣಿಸುತ್ತ ಬಂದವಳು ಆ ಒಂದು ಹೊಲಿಗೆಯ ಮೇಲೆ ಬೆರಳು ನಿಲ್ಲಿಸಿದಳು.

"ಅಯ್ಯ, ಇದು ನಿನಗ ಕಂಡ್ತೇನ? ಇದು ತಪ್ಪ ಹೊಲಿಗಿ."

"ತಪ್ಪೇನ್ರಿ? ಬಾಗಲಾ ಅಲ್ಲೇನ್ರಿ?"

"ಬಾಗಲಾ ಬುಡದ ನಟ್ಟನಡುವ ಐತಿ, ಮುಚ್ಚಿ ಹೋಗತೈತಿ. ಇದು ನಾ ತಪ್ಪಿದ್ದು." ಆಚೆ ಹೊರಸಿನತ್ತ ನೋಡಿ ಆಕೆ ದನಿ ತಗ್ಗಿಸಿದಳು. "ಆ ದಿನ ಕನ್ಯಾ ನೋಡಾಕ ಬರತಾರ ಅಂತ ನನಗ ಗೊತ್ತಿರಲಿಲ್ಲ. ಕಟ್ಟಿ ಮ್ಯಾಲ ಕುಂತು ಇದನ್ನ ಹಾಕಾಕ ಹತ್ತಿದ್ದೆ. ಈತ ಹೊಸ್ತಲಾ ದಾಟಿ ಒಳಗ ಬಂದಾ. ಕಣ್ಣ ಎತ್ತಿ ನೋಡಿದೆ, ಎಳಿ ತಪ್ಪಿತು. ಆಮ್ಯಾಲ ಬಿಚ್ಚಾಕ ಮನಸ ಆಗಲಿಲ್ಲ."

ತರಗತಿಯಲ್ಲಿ ಹನ್ನೆರಡು ಖಣದ ಮೇಲೆ ಅದೇ ತಪ್ಪು ಕೂತಿತ್ತು. "ಎಲ್ಲಾ ಬಿಚ್ಚಸತೇನ್ರಿ ಆಯಿ" ಅಂದೆ.

ಆಯಿ ನಾನು ತಂದ ಖಣವನ್ನು ಹಿಂದೆ ಮುಂದೆ ತಿರುವಿ ನೋಡಿದಳು. "ಬಿಚ್ಚಬ್ಯಾಡ. ಒಬ್ಬಾಕಿ ಹಾಕಿದ್ರ ತಪ್ಪು, ಹನ್ನೆರಡ ಮಂದಿ ಹಾಕಿದ ಮ್ಯಾಲ ಅದು ನಮೂನಿ" ಅಂದಳು.

ಆಚೆ ಹೊರಸಿನ ಮೇಲೆ ಮುತ್ಯಾ ಎದ್ದು ಕೂತಿದ್ದ. ಈ ಸಲ ಚಹಾ ಕೇಳಲಿಲ್ಲ. ಕೈ ಚಾಚಿ ಪ್ರಿಂಟು ಇಸಿದುಕೊಂಡ, ಚಾಳೀಸು ಏರಿಸಿಕೊಂಡ, ಕಣ್ಣಿಗೆ ಹತ್ತಿರ ಹಿಡಿದ.

"ಎಲ್ಲೈತಿ ಅದು? ತೋರಸು" ಅಂದ.

ಆಯಿ ಎದ್ದು ಹೋಗಿ ಆತನ ಮಗ್ಗುಲಲ್ಲಿ ಕೂತು, ಉಗುರಿನ ತುದಿಯಿಂದ ತೋರಿಸಿದಳು.